ಟೇಬಲ್ ಗರಗಸದಲ್ಲಿ ಮರ ಸುಟ್ಟು ಕಪ್ಪಾಗುವುದೇಕೆ? ದೋಷ ಮೋಟಾರಿನದೇ?

ಪೀಣ್ಯದ ಶೆಡ್ಡುಗಳಲ್ಲಿ, ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಹೊಸ ಫ್ಲಾಟುಗಳಲ್ಲಿ ಕಪಾಟು, ವಾರ್ಡ್‌ರೋಬ್ ಮಾಡುವವರಿಗೆ ಟೇಬಲ್ ಗರಗಸ ಬೇಕೇ ಬೇಕು. ಕತ್ತರಿಸಿದ ಅಂಚು ಕಪ್ಪಾದರೆ ಅಥವಾ ಮರ ನಡುವೆ ಸಿಕ್ಕಿಕೊಂಡರೆ "ಮೋಟಾರಿಗೆ ಪವರ್ ಸಾಲದು" ಎನ್ನುವುದು ರೂಢಿ. ಆದರೆ ಮೊದಲು ನೋಡಬೇಕಾದದ್ದು ಮೋಟಾರನ್ನಲ್ಲ, ಬ್ಲೇಡು ಮತ್ತು ಫೆನ್ಸ್ ಸಮಾನಾಂತರವಾಗಿವೆಯೇ ಎಂಬುದನ್ನು. ಫೆನ್ಸ್ ಎಂದರೆ ಮರವನ್ನು ಒರಗಿಸಿ ತಳ್ಳುವ ಉದ್ದನೆಯ ಪಟ್ಟಿ.

ಸುಟ್ಟ ಕಲೆ ಮತ್ತು ಹಿಂದಕ್ಕೆ ಚಿಮ್ಮುವ ಮರ

ಫೆನ್ಸ್‌ನ ಹಿಂತುದಿ ಬ್ಲೇಡಿನ ಕಡೆಗೆ ವಾಲಿದ್ದರೆ ಮರ ಎರಡರ ನಡುವೆ ಇರುಕಿಕೊಳ್ಳುತ್ತದೆ. ಆಗ ಹಲ್ಲುಗಳು ಕತ್ತರಿಸುವ ಬದಲು ಉಜ್ಜುತ್ತವೆ. ಘರ್ಷಣೆಯ ಬಿಸಿಗೆ ಅಂಚು ಕಪ್ಪಾಗುತ್ತದೆ.

ಇದು ಬರೀ ಅಂದದ ಪ್ರಶ್ನೆಯಲ್ಲ. ಬ್ಲೇಡಿನ ಹಿಂಭಾಗದ ಹಲ್ಲುಗಳು ಕೆಳಗಿನಿಂದ ಮೇಲೆದ್ದು ನಿಮ್ಮ ಕಡೆಗೇ ತಿರುಗುತ್ತವೆ. ಇರುಕಿದ ಮರವನ್ನು ಅವು ಎತ್ತಿ ಎಸೆಯುತ್ತವೆ. 10 ಇಂಚಿನ ಬ್ಲೇಡು ನಿಮಿಷಕ್ಕೆ 2,850 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಗಂಟೆಗೆ ಸುಮಾರು 136 ಕಿಲೋಮೀಟರ್. ಮರದ ಜೊತೆಗೆ ಕೈಯೂ ಬ್ಲೇಡಿನತ್ತ ಎಳೆದುಕೊಂಡು ಹೋಗಬಹುದು. ಸುಟ್ಟ ಕಲೆಯನ್ನು ಮುನ್ನೆಚ್ಚರಿಕೆ ಎಂದೇ ತಿಳಿಯಿರಿ.

ಪರೀಕ್ಷೆ ಹೇಗೆ?

1. ಪ್ಲಗ್ ಕಿತ್ತುಹಾಕಿ. ಸ್ವಿಚ್ ಆಫ್ ಮಾಡಿದರಷ್ಟೇ ಸಾಲದು.
2. ಬ್ಲೇಡಿನ ಒಂದು ಹಲ್ಲಿಗೆ ಗುರುತು ಹಾಕಿ. ಮೇಜಿನ ಗಾಡಿಯಿಂದ ಆ ಹಲ್ಲಿಗಿರುವ ದೂರವನ್ನು ಮುಂದೆ ಅಳೆಯಿರಿ. ಬ್ಲೇಡು ತಿರುಗಿಸಿ, ಅದೇ ಹಲ್ಲನ್ನು ಹಿಂದೆ ತಂದು ಮತ್ತೆ ಅಳೆಯಿರಿ.
3. ವ್ಯತ್ಯಾಸ 0.1 ಮಿ.ಮೀ.ಗಿಂತ ಹೆಚ್ಚಿದ್ದರೆ ಮೇಜಿನ ಅಥವಾ ಬ್ಲೇಡಿನ ಆಧಾರದ ಬೋಲ್ಟು ಸಡಿಲಿಸಿ ಸರಿಪಡಿಸಿ.
4. ನಂತರ ಫೆನ್ಸ್ ಅನ್ನು ಅದೇ ಗಾಡಿಗೆ ಸಮಾನಾಂತರವಾಗಿ ಹೊಂದಿಸಿ.

ಎಲ್ಲ ಸರಿಯಿದ್ದೂ ಮರ ಬಿಗಿಯುತ್ತಿದ್ದರೆ ಅದು ಹಸಿಯಾಗಿರಬಹುದು. ಕಾಫಿ ತೋಟಗಳಿಂದ ಬರುವ ಸಿಲ್ವರ್ ಓಕ್ ಸರಿಯಾಗಿ ಒಣಗದಿದ್ದರೆ ಕತ್ತರಿಸಿದ ಸೀಳು ಮತ್ತೆ ಮುಚ್ಚಿಕೊಂಡು ಬ್ಲೇಡನ್ನು ಹಿಡಿಯುತ್ತದೆ. ಬ್ಲೇಡಿನ ಹಿಂದಿರುವ ರೈವಿಂಗ್ ನೈಫ್ ಎಂಬ ತೆಳು ತಗಡು ಇರುವುದೇ ಈ ಸೀಳು ಮುಚ್ಚದಂತೆ ತಡೆಯಲು. ಅಡ್ಡಿಯೆಂದು ಅದನ್ನು ಬಿಚ್ಚಿಡಬೇಡಿ.

ಲ್ಯಾಮಿನೇಟ್ ಚಕ್ಕೆ ಏಳುವುದು

ಹಲ್ಲುಗಳು ಹಲಗೆಯ ಕೆಳಮುಖದಿಂದ ಹೊರಬರುವುದರಿಂದ ಚಕ್ಕೆ ಏಳುವುದು ಕೆಳಗೇ. ಕಾಣುವ ಮುಖ ಮೇಲಿರಲಿ. ಪ್ಲೈವುಡ್, ಲ್ಯಾಮಿನೇಟ್‌ಗೆ 60ರಿಂದ 80 ಹಲ್ಲಿನ ಕಾರ್ಬೈಡ್ ಬ್ಲೇಡು ಒಳ್ಳೆಯದು. ದಪ್ಪ ಮರವನ್ನು ಉದ್ದಕ್ಕೆ ಸೀಳಲು 24 ಹಲ್ಲು ಸಾಕು. ಹಲ್ಲು ಹೆಚ್ಚಿದ್ದರೆ ಪುಡಿ ಹೊರಹೋಗದೆ ಬಿಸಿಯೇರುತ್ತದೆ.

ಮೋಟಾರು ನಿಜವಾಗಿ ತೊಂದರೆ ಕೊಡುವುದು ಯಾವಾಗ?

- ಗುಂಯ್‌ಗುಟ್ಟಿದರೂ ತಿರುಗದಿದ್ದರೆ: ತ್ರೀ ಫೇಸ್ ಮೋಟಾರಿನಲ್ಲಿ ಒಂದು ಫೇಸ್ ಹೋಗಿರಬಹುದು. ತಕ್ಷಣ ಆಫ್ ಮಾಡಿ, ಇಲ್ಲವಾದರೆ ವೈಂಡಿಂಗ್ ಸುಡುತ್ತದೆ.
- ಹಿಂದುಮುಂದಾಗಿ ತಿರುಗಿದರೆ: ವೈರಿಂಗ್ ರಿಪೇರಿಯ ನಂತರ ಎರಡು ಫೇಸ್ ಅದಲುಬದಲಾಗಿವೆ.
- ಕತ್ತರಿಸುವಾಗ ಮಾತ್ರ ನಿಧಾನವಾದರೆ: ಬೆಲ್ಟ್ ಜಾರುತ್ತಿರಬಹುದು. ಫ್ಲಾಟುಗಳಲ್ಲಿ ತೆಳುವಾದ, ಉದ್ದನೆಯ ಎಕ್ಸ್‌ಟೆನ್ಷನ್ ವೈರಿನಿಂದ ವೋಲ್ಟೇಜು ಕುಸಿದಿರಲೂಬಹುದು. ದಪ್ಪ, ಗಿಡ್ಡ ವೈರು ಬಳಸಿ.

ಎಲೆಕ್ಟ್ರಿಕಲ್ ದೋಷವನ್ನು ಎಲೆಕ್ಟ್ರಿಷಿಯನ್‌ಗೇ ಬಿಡಿ.

ಗ್ಲೌಸ್ ಹಾಕಿದರೆ ಬೆರಳು ಉಳಿಯುತ್ತದೆಯೇ?

ಇಲ್ಲ, ಇದು ತಪ್ಪು ನಂಬಿಕೆ. ಬಟ್ಟೆ ಅಥವಾ ಚರ್ಮದ ಗ್ಲೌಸ್ ಬ್ಲೇಡನ್ನು ತಡೆಯುವುದಿಲ್ಲ. ಹಲ್ಲಿಗೆ ಸಿಕ್ಕರೆ ಇಡೀ ಕೈಯನ್ನೇ ಒಳಗೆಳೆಯುತ್ತದೆ. ಅದರ ಬದಲು ಕನ್ನಡಕ ಹಾಕಿ, ಸಣ್ಣ ತುಂಡನ್ನು ಕೋಲಿನಿಂದ ತಳ್ಳಿ, ಬ್ಲೇಡಿನ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಲ್ಲಿ.