ಹುಳಕ್ಕೆ ನಾಲ್ಕು ನಿದ್ದೆ

ಮೊನ್ನೆ ಹಬ್ಬಕ್ಕೆ ಊರಿಗೆ ಹೋಗಿದ್ದೆ. ದೊಡ್ಡವ್ವ ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನ ಕುತ್ತಿಗೆಗೆ ಒತ್ತಿಕೊಂಡು ಜಗುಲಿ ಮೇಲೆ ಕೂತಿದ್ದಳು. "ಯಾವಾಗಿಂದ ದೊಡ್ಡವ್ವ ಈ ನೋವು?" ಅಂದೆ. "ನಾನು ದೊಡ್ಡೋಳಾದಾಗಿಂದ ಕಣ್ಲಾ ಮಗ" ಅಂದಳು. ತಮಾಷೆ ಅಂದ್ಕೊಂಡೆ. ಅಲ್ಲ, ನಿಜವಾಗ್ಲೂ ಹದಿಮೂರನೇ ವಯಸ್ಸಿಂದ!

ಅದು 1976. ರಾಮನಗರದಲ್ಲಿ ಒಂದು ಚರಕದ ಮನೆಯಲ್ಲಿ ಅವಳ ಕೆಲಸ. ರೇಷ್ಮೆ ಸೀರೆ ನೋಡಿದವರೆಲ್ಲ ಚರಕ ನೋಡಿರಲ್ಲ, ಅದಕ್ಕೇ ಹೇಳ್ತೀನಿ. ಗೂಡಿನೊಳಗಿನ ಹುಳ ಚಿಟ್ಟೆಯಾಗಿ ತೂತು ಮಾಡಿಕೊಂಡು ಹೊರಬಂದರೆ ಎಳೆ ತುಂಡಾಗುತ್ತೆ. ಹಾಗಾಗಿ ಮಾರುಕಟ್ಟೆಯಿಂದ ತಂದ ಗೂಡನ್ನ ಬೇಗ ಬೇಯಿಸಿ ನೂಲು ತೆಗೀಬೇಕು. ಕೋಳಿ ಕೂಗೋ ಮೊದಲೇ ಒಲೆ ಹಚ್ಚಬೇಕು. ಒಬ್ಬರು ಕುದಿಯೋ ನೀರಿನ ಮುಂದೆ ಕೂತು ಬೆರಳಲ್ಲೇ ಎಳೆಯ ತುದಿ ಹುಡುಕಿ ಕೊಡಬೇಕು, ಇನ್ನೊಬ್ಬರು ರಾಟೆ ತಿರುಗಿಸಬೇಕು. ತಗ್ಗಿಸಿದ ಕುತ್ತಿಗೆ, ಬೆಂದ ಬೆರಳು, ಹೊಗೆ, ಸತ್ತ ಹುಳದ ಆ ವಾಸನೆ... "ನೋವು ಅಂತ ಕುಂತ್ರೆ ಒಲೆ ಹಚ್ಚೋರ್ಯಾರು?" ಅಂತಾಳೆ. ರಾತ್ರಿ ಮನೆಗೆ ಬಂದರೆ ಅಲ್ಲೂ ಹುಳ! ಹುಳು ಸಾಕೋರ ಮನೆಯಲ್ಲಿ ಹುಳಕ್ಕೆ ನಾಲ್ಕು ಸಲ 'ಜ್ವರ' ಬರುತ್ತೆ. ಜ್ವರ ಅಂದ್ರೆ ಸೊಪ್ಪು ತಿನ್ನದೆ ಅಲ್ಲಾಡದೆ ಕೂತು ಪೊರೆ ಬಿಡೋದು. ಚೀನಾದವರು ಇದನ್ನ 'ನಿದ್ದೆ' ಅಂತಾರಂತೆ. ನಾಲ್ಕನೇ ಜ್ವರ ಎದ್ದ ಮೇಲೆ ಹಗಲೂ ರಾತ್ರಿ ಸೊಪ್ಪು ಹಾಕ್ತಿರಬೇಕು. ಹುಳ ತನ್ನ ಆಯಸ್ಸಿನಲ್ಲಿ ತಿನ್ನೋದರಲ್ಲಿ ಮುಕ್ಕಾಲಿಗಿಂತ ಹೆಚ್ಚು ತಿನ್ನೋದು ಆಗಲೇ. ರಾತ್ರಿ ಎದ್ದು ಸೊಪ್ಪು ಹಾಕೋರು ಯಾರು? ಮನೆ ಮಕ್ಕಳೇ.

ವಿಚಿತ್ರ ನೋಡಿ, ಅದೇ 1976ರ ಬೇಸಿಗೆಯಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಮೇರಿ ಕಾರ್ಸ್ಕಡನ್ ಅನ್ನೋರು ಮಕ್ಕಳಿಗೆ ನಿದ್ದೆಯ ಶಿಬಿರ ಶುರುಮಾಡಿದರು. ರಾತ್ರಿ ಹತ್ತರಿಂದ ಬೆಳಿಗ್ಗೆ ಎಂಟರವರೆಗೆ ಹಾಸಿಗೆ. ಪ್ರತಿ ಬೇಸಿಗೆ ಅದೇ ಮಕ್ಕಳನ್ನ ಕರೆದು ಅಳೆದರು. ದೊಡ್ಡವರಾಗ್ತಾ ನಿದ್ದೆ ಕಮ್ಮಿ ಸಾಕಾಗುತ್ತೆ ಅಂತ ಅಂದಾಜಿತ್ತು. ಉಲ್ಟಾ ಆಯ್ತು. ಎಲ್ಲ ವಯಸ್ಸಿಗೂ ಒಂಬತ್ತು ಗಂಟೆಗಿಂತ ಸ್ವಲ್ಪ ಹೆಚ್ಚೇ ಬೇಕಿತ್ತು. ಮೈನೆರೆಯೋ ವಯಸ್ಸಲ್ಲಿ ನಿದ್ದೆ ಬರೋ ಹೊತ್ತೇ ಮುಂದಕ್ಕೆ ಹೋಗುತ್ತೆ ಅನ್ನೋದನ್ನೂ 1993ರಲ್ಲಿ ಅವರ ತಂಡ ತೋರಿಸಿತು. ಅಂದರೆ ದೊಡ್ಡವ್ವನನ್ನ ಎಬ್ಬಿಸ್ತಿದ್ದ ಹೊತ್ತಿಗೆ ಅವಳ ಮೈಗೆ ಇನ್ನೂ ನಡುರಾತ್ರಿ.

ಮಕ್ಕಳ ನೋವನ್ನ ವೈದ್ಯರು ನಂಬಿದ್ದೂ ತಡವಾಗಿಯೇ. 1823ರಲ್ಲಿ ಫ್ರಾನ್ಸಿನ ಮಾರ್ಸೆಲ್ ದುಶಾಂಪ್ ಎಂಬ ವೈದ್ಯ 'ಬೆಳೆಯುವ ನೋವು' ಅಂತ ಹೆಸರಿಟ್ಟ. (ಚಿತ್ರಕಾರ ದುಶಾಂಪ್ ಬೇರೆ!) ಆಮೇಲೆ ಎಲ್ಲ ನೋವಿಗೂ ಅದೇ ಉತ್ತರ ಆಗೋಯ್ತು. 1958ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜಾನ್ ಆಪ್ಲಿ ಮತ್ತು ನೋರಾ ನೇಯ್ಶ್ 1000 ಶಾಲಾಮಕ್ಕಳನ್ನ ನೋಡಿದರು. ಹತ್ತರಲ್ಲಿ ಒಬ್ಬರಿಗಿಂತ ಹೆಚ್ಚು ಮಕ್ಕಳಿಗೆ ಮರಳಿ ಮರಳಿ ಹೊಟ್ಟೆನೋವು. ಅವರ ಅಳತೆಗೋಲು ಸರಳ: ಕನಿಷ್ಠ ಮೂರು ತಿಂಗಳಲ್ಲಿ ಮೂರು ಸಲ, ಆಟ ಪಾಠ ಕೆಡಿಸುವಷ್ಟು. ಈ ಲೆಕ್ಕದಲ್ಲಿ ನಮ್ಮ ಚರಕದ ಮಕ್ಕಳೆಲ್ಲ ಪಟ್ಟಿಯಲ್ಲಿ ಇರ್ತಿದ್ದರೇನೋ.

ನೋವಿಂದ ನಿದ್ದೆ ಕೆಡುತ್ತೆ ಅನ್ನೋದು ಎಲ್ಲರಿಗೂ ಗೊತ್ತು. ನನಗೆ ಹೊಸದಾಗಿ ಕಂಡದ್ದು ಇನ್ನೊಂದು ದಿಕ್ಕು. ಅದುವರೆಗಿನ ಸಂಶೋಧನೆಗಳನ್ನ ಒಟ್ಟಿಗೆ ನೋಡಿದ 2013ರ ಒಂದು ವಿಮರ್ಶೆ ಪ್ರಕಾರ, ನೋವಿಂದ ನಿದ್ದೆ ಕೆಡೋದಕ್ಕಿಂತ ಕೆಟ್ಟ ನಿದ್ದೆಯಿಂದ ನೋವು ಬರೋ ಸಂಬಂಧವೇ ಗಟ್ಟಿ. ನಿದ್ದೆಗೆಟ್ಟ ಮೈಗೆ ಅದೇ ಪೆಟ್ಟು ಜಾಸ್ತಿ ನೋಯುತ್ತೆ.

ಕಾನೂನು ಇರಲಿಲ್ವಾ? ಇತ್ತು ಸ್ವಾಮಿ. 1948ರ ಕಾರ್ಖಾನೆ ಕಾಯ್ದೆ ಮಕ್ಕಳನ್ನ ರಾತ್ರಿ ದುಡಿಸೋದನ್ನ ತಡೆದಿತ್ತು. ಆದರೆ ಕರೆಂಟ್ ಇದ್ದರೆ ಹತ್ತು ಜನ, ಇಲ್ಲದಿದ್ದರೆ ಇಪ್ಪತ್ತು ಜನ ಇದ್ದರೆ ಮಾತ್ರ ಅದು ಕಾರ್ಖಾನೆ. ನಾಲ್ಕು ಜನರ ಚರಕದ ಮನೆ ಯಾವ ಲೆಕ್ಕ? 1986ರ ಬಾಲಕಾರ್ಮಿಕ ಕಾಯ್ದೆ ಹದಿನಾಲ್ಕಕ್ಕೇ ನಿಂತಿತು. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ವರದಿ ಬಂದಾಗಲೂ ರಾಮನಗರ, ಮಾಗಡಿ ಕಡೆಯ ಮಕ್ಕಳು ಮುಂಗಡ ಸಾಲಕ್ಕೆ ಸಿಕ್ಕಿ ದಿನಕ್ಕೆ 12 ಗಂಟೆ, ಅದಕ್ಕೂ ಹೆಚ್ಚು ದುಡೀತಿದ್ದರು. ಜೀತ ರದ್ದಾಗಿದ್ದು ಯಾವಾಗ ಹೇಳಿ? ಅದೂ 1976ರಲ್ಲೇ! ಹದಿನಾಲ್ಕರಿಂದ ಹದಿನೆಂಟರವರನ್ನ 'ಕಿಶೋರ' ಅಂತ ಕರೆದು ಅಪಾಯದ ಕೆಲಸದಿಂದ ಹೊರಗಿಟ್ಟದ್ದು 2016ರ ತಿದ್ದುಪಡಿ. ದೊಡ್ಡವ್ವನಿಗೆ ಆಗ ಐವತ್ತಮೂರು.

ಈಗ ರಾಮನಗರದಲ್ಲಿ ತಾನೇ ನೂಲು ತೆಗೆಯೋ ಯಂತ್ರಗಳು ಬಂದಿವೆ. ಜಿಲ್ಲೆಯ ಹೆಸರೂ 2025ರಲ್ಲಿ ಬೆಂಗಳೂರು ದಕ್ಷಿಣ ಅಂತಾಯ್ತು. ದೊಡ್ಡವ್ವನ ಮೊಮ್ಮಗಳು ಹತ್ತನೇ ಕ್ಲಾಸು. ಟ್ಯೂಷನ್ನು, ಮೊಬೈಲು ಅಂತ ಮಲಗೋದು ಹನ್ನೆರಡಕ್ಕೆ, ವಾರಕ್ಕೆರಡು ಸಲ ತಲೆನೋವು. ಭಾನುವಾರ ಒಂಬತ್ತಾದರೂ ಏಳಲಿಲ್ಲ ಅಂತ ಅತ್ತಿಗೆ ಬೈಯೋಕೆ ಹೊರಟರು. ದೊಡ್ಡವ್ವ ಕೋಣೆ ಬಾಗಿಲಿಗೆ ಅಡ್ಡ ಕೂತು ಸೊಪ್ಪು ಸೋಸ್ತಾ ಇದ್ದಳು. "ಮಲಗ್ಲಿ ಬುಡವ್ವ" ಅಂದಳು.