ದಿವಾನ: ಪುಸ್ತಕವಾಗಿದ್ದ ಪದ

ಮೈಸೂರು ಸೀಮೆಯಲ್ಲಿ ‘ದಿವಾನ’ ಎಂದೊಡನೆ ನೆನಪಾಗುವವರು ಪೂರ್ಣಯ್ಯ, ಶೇಷಾದ್ರಿ ಅಯ್ಯರ್, ವಿಶ್ವೇಶ್ವರಯ್ಯ, ಮಿರ್ಜಾ ಇಸ್ಮಾಯಿಲ್. ಇಷ್ಟು ದೊಡ್ಡವರ ಪದವಿಯಾದ ಈ ಪದ ಅರಬರ ಬಾಯಿಗೆ ಬಂದಾಗ ಒಂದು ಲೆಕ್ಕದ ಪುಸ್ತಕದ ಹೆಸರಾಗಿತ್ತು. ಇಸ್ಲಾಮಿನ ಮೊದಲ ದಶಕಗಳನ್ನು ಬರೀ ಯುದ್ಧಗಳ ಕಥೆಯಾಗಿ ಕೇಳಿದವರು ಆ ಪುಸ್ತಕದ ಕಥೆಯನ್ನೂ ಕೇಳಬೇಕು.

ಪ್ರವಾದಿ ಮುಹಮ್ಮದರು ಮದೀನಾದಲ್ಲಿ ತೀರಿಕೊಂಡದ್ದು 632ರಲ್ಲಿ. ಮುಂದಿನ ಹತ್ತು ವರ್ಷಗಳಲ್ಲಿ ಸಿರಿಯಾ, ಇರಾಕ್, ಈಜಿಪ್ಟ್ ಅರಬರ ಕೈಸೇರಿದವು. ನಾಡು ಗೆದ್ದಾಯಿತು, ಬಂದ ಹಣವನ್ನು ಹಂಚುವ ಬಗೆ ಹೇಗೆ? 9ನೇ ಶತಮಾನದ ಇತಿಹಾಸಕಾರ ಬಲಾಧುರಿ ಒಂದು ಪ್ರಸಂಗ ಹೇಳುತ್ತಾನೆ. ಪ್ರವಾದಿಯ ಸಂಗಾತಿ ಅಬೂ ಹುರೈರಾ ಬಹ್ರೇನಿನಿಂದ ಐದು ಲಕ್ಷ ದಿರ್ಹಂ ತಂದರು. ಖಲೀಫ ಉಮರ್ ನಂಬಲಿಲ್ಲ. ನಿದ್ದೆಗಣ್ಣಿನಲ್ಲಿದ್ದೀಯ, ಹೋಗಿ ಮಲಗು, ಬೆಳಗಾದ ಮೇಲೆ ಬಾ ಎಂದು ಕಳಿಸಿದರು. ಬೆಳಗಾದ ಮೇಲೂ ಮೊತ್ತ ಅಷ್ಟೇ ಇತ್ತು. ಎಣಿಸಿ ಕೊಡಲೋ, ಅಳೆದು ಕೊಡಲೋ ಎಂದು ಜನರನ್ನು ಕೇಳಿದಾಗ, ಪರದೇಶದವರು ‘ದಿವಾನ್’ ಇಟ್ಟುಕೊಳ್ಳುತ್ತಾರೆ ಎಂದು ಒಬ್ಬರು ಸೂಚಿಸಿದರಂತೆ. ಪದವೂ ಪದ್ಧತಿಯೂ ಪರ್ಷಿಯನ್ನರದು. 641ರ ಸುಮಾರಿಗೆ ಮದೀನಾದಲ್ಲಿ ಭತ್ಯೆ ಪಡೆಯುವವರ ಪಟ್ಟಿ ಸಿದ್ಧವಾಯಿತು.

ಯಾರ ಹೆಸರು ಮೊದಲು? ವಂಶಾವಳಿ ಬಲ್ಲ ಮೂವರು ಬರೆಯಲು ಕುಳಿತು, ಪ್ರವಾದಿಯ ಮನೆತನದ ಬೆನ್ನಿಗೇ ಮೊದಲ ಖಲೀಫ ಅಬೂಬಕರ್ ಮತ್ತು ಉಮರ್ ಅವರ ಕುಲಗಳನ್ನು ಸೇರಿಸಿದರು. ಉಮರ್ ಅದನ್ನು ತಿದ್ದಿಸಿದರು. ಪ್ರವಾದಿಗೆ ಹತ್ತಿರದವರಿಂದ ಆರಂಭಿಸಿ, ತನ್ನ ಕುಲವನ್ನು ಅದರ ಸರದಿಗೇ ಇಡಿ ಎಂದರು. 624ರಲ್ಲಿ ಪ್ರವಾದಿಯ ಜೊತೆ ಬದ್ರ್ ಕದನದಲ್ಲಿದ್ದವರಿಗೆ ವರ್ಷಕ್ಕೆ 5,000 ದಿರ್ಹಂ ಗೊತ್ತಾಯಿತು. ಪ್ರವಾದಿಯ ಮುದ್ದಿನ ಉಸಾಮನಿಗೆ ಸಿಕ್ಕಿದ್ದಕ್ಕಿಂತ ಉಮರ್ ಅವರ ಸ್ವಂತ ಮಗ ಅಬ್ದುಲ್ಲನಿಗೆ ಸಿಕ್ಕಿದ್ದು ಕಡಿಮೆ.

ಈ ಪಟ್ಟಿಯ ಬಗ್ಗೆ ಪರಂಪರೆ ಕಾಪಾಡಿಕೊಂಡಿರುವ ಇನ್ನೊಂದು ಘಟನೆ ನನ್ನನ್ನು ಬಹಳ ತಟ್ಟಿದೆ. ಮದೀನಾದ ಹೊರಗೆ ವರ್ತಕರ ತಂಡವೊಂದು ಬೀಡುಬಿಟ್ಟಿತ್ತು. ರಾತ್ರಿ ಕಾವಲಿಗಿದ್ದ ಉಮರ್ ಒಂದು ಮಗುವಿನ ಅಳು ಕೇಳಿ, ಸಮಾಧಾನ ಮಾಡಮ್ಮ ಎಂದು ತಾಯಿಗೆ ಹೇಳಿದರು. ಅಳು ನಿಲ್ಲಲಿಲ್ಲ. ಮತ್ತೆ ಮತ್ತೆ ಹೋಗಿ ಕೇಳಿದಾಗ, ಎದುರಿಗಿರುವವರು ಯಾರೆಂದು ತಿಳಿಯದೆ ಆಕೆ ಬೇಸತ್ತು ಹೇಳಿದಳು: ಹಾಲು ಬಿಡಿಸುತ್ತಿದ್ದೇನೆ, ಹಾಲು ಬಿಟ್ಟ ಮಕ್ಕಳಿಗೆ ಮಾತ್ರ ಉಮರ್ ಭತ್ಯೆ ಕೊಡುತ್ತಾರಲ್ಲ. ಮರುದಿನ ಮುಂಜಾನೆಯ ನಮಾಜಿನಲ್ಲಿ ಉಮರ್ ಬಿಕ್ಕಿದರು. ಅವರ ಪಠಣ ಜನರಿಗೆ ಸರಿಯಾಗಿ ಕೇಳಿಸಲಿಲ್ಲ. ಆ ಮೇಲೆ ಡಂಗುರ ಸಾರಿಸಿದರು: ಹಾಲು ಬಿಡಿಸಲು ಯಾರೂ ಆತುರಪಡಬೇಡಿ, ಹುಟ್ಟಿದ ಪ್ರತಿ ಮಗುವಿಗೂ ಪಾಲುಂಟು.

ಕೂಫಾ, ಬಸ್ರಾ, ಫುಸ್ತಾತ್‌ನಂಥ ಹೊಸ ದಂಡಿನ ಊರುಗಳಲ್ಲಿ ಸೈನಿಕರನ್ನು ಒಟ್ಟಿಗೆ ನಿಲ್ಲಿಸಿದ್ದೂ ಇದೇ ಪಟ್ಟಿ. ಗೆದ್ದ ಹೊಲಗಳು ಹರಿದು ಹಂಚಿಹೋಗದೆ ಉಳುವವರ ಕೈಯಲ್ಲೇ ಉಳಿದವು; ಅವರು ಕಟ್ಟಿದ ಕಂದಾಯ ಸೈನಿಕರ ಸಂಬಳವಾಯಿತು. ಆದರೆ ಹೊಸದಾಗಿ ಇಸ್ಲಾಂ ಸೇರಿದ ಅರಬರಲ್ಲದವರಲ್ಲಿ, ಎಂದರೆ ‘ಮವಾಲಿ’ಗಳಲ್ಲಿ, ಬಹುಮಂದಿ ಪಟ್ಟಿಯ ಹೊರಗೇ ಉಳಿದರು. ಒಂದೇ ದೇವರಿಗೆ ತಲೆಬಾಗಿದರೂ ಭತ್ಯೆಯ ಪುಸ್ತಕದಲ್ಲಿ ಅವರಿಗೆ ಸಾಲಿರಲಿಲ್ಲ. ಆ ಕುದಿತ 750ರಲ್ಲಿ ಆಗ ಆಳುತ್ತಿದ್ದ ಉಮಯ್ಯದ್ ಖಲೀಫರ ಮನೆತನವನ್ನು ಉರುಳಿಸಿದ ಬಂಡಾಯಕ್ಕೆ ಒಂದು ಕಾರಣವಾಯಿತು. ನಮ್ಮ ಬೀದಿಯ ‘ಮವಾಲಿ’ ಎಂಬ ಬೈಗುಳದ ಮೂಲವೂ ಈ ಪದವೇ ಎನ್ನುವುದುಂಟು.

ಪಟ್ಟಿ ಹುಟ್ಟಿ ಅರವತ್ತು ವರ್ಷವಾದರೂ ಕಂದಾಯದ ಲೆಕ್ಕ ಸಿರಿಯಾದಲ್ಲಿ ಗ್ರೀಕಿನಲ್ಲೂ ಇರಾಕಿನಲ್ಲಿ ಪರ್ಷಿಯನ್ನಿನಲ್ಲೂ ನಡೆಯುತ್ತಿತ್ತು. 700ರ ಆಸುಪಾಸಿನಲ್ಲಿ ಖಲೀಫ ಅಬ್ದುಲ್ ಮಲಿಕ್ ಅದನ್ನು ಅರಬ್ಬಿಗೆ ತಿರುಗಿಸಿದ. ಗುಮಾಸ್ತಿಕೆ ಬೇಕಾದವರೆಲ್ಲ ಅರಬ್ಬಿ ಕಲಿತರು. ಭಾಷೆ ಊರೂರಿಗೆ ಹರಡಿತು.

ಅಲ್ಲಿಂದ ಪದ ದಾರಿ ಹಿಡಿಯಿತು. ಪುಸ್ತಕದ ಹೆಸರು ಕಚೇರಿಗಾಯಿತು, ಕವಿತೆಗಳ ಸಂಕಲನಕ್ಕಾಯಿತು, ಗೋಡೆಗೆ ಒರಗಿಸಿದ ಆಸನಕ್ಕಾಯಿತು. ಫ್ರೆಂಚರ ಸುಂಕದಕಟ್ಟೆ ‘ದುವಾನ್’ ಆಯಿತು. ಮೊಗಲರ ಸುಬೆಗಳಲ್ಲಿ ಕಂದಾಯದ ಮುಖ್ಯಸ್ಥನೇ ದಿವಾನ. 1765ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಬಂಗಾಳದಲ್ಲಿ ಪಡೆದ ‘ದಿವಾನಿ’ ಎಂದರೆ ಆ ವಸೂಲಿಯ ಹಕ್ಕು. ಕನ್ನಡಕ್ಕೆ ದಿವಾನರೂ ಬಂದರು, ಹಳೆಯ ಮನೆಗಳ ದಿವಾನಖಾನೆಯೂ ಬಂತು.

ಇಂದು ದಿವಾನಗಿರಿ ಇಲ್ಲ, ಪಟ್ಟಿಗಳಿವೆ: ಪಡಿತರದ್ದು, ಪಿಂಚಣಿಯದ್ದು, ಮತದಾರರದ್ದು. ಒಂದು ಆಡಳಿತದ ಗುಣವನ್ನು ಅದು ಗೆದ್ದ ನೆಲದಿಂದ ಅಳೆಯಲು ನಾನು ಒಪ್ಪಲಾರೆ. ತನ್ನ ಪುಸ್ತಕದಲ್ಲಿ ಹಾಲುಗೂಸಿಗೆ ಜಾಗ ಕೊಟ್ಟಿತೇ, ಬಾಗಿಲಲ್ಲಿ ನಿಂತ ಮವಾಲಿಯನ್ನು ಒಳಗೆ ಕರೆಯಿತೇ ಎಂದು ಕೇಳಬೇಕು. ಉಮರ್ ಮೊದಲನೆಯದನ್ನು ಮಾಡಿದರು; ಅವರ ನಂತರದವರು ಎರಡನೆಯದನ್ನು ಮಾಡದೆ ರಾಜ್ಯ ಕಳೆದುಕೊಂಡರು.