ಓದಲು ಬಾರದ್ದನ್ನು ಕಾಯ್ದಿಡುವುದು

ಬಿಜ್ಜರಗಿಯ ಕಡೆ ಬಾವಿ ತೋಡುವವರಿಗೆ ನೆಲದ ಪದರುಗಳು ಬಾಯಿಪಾಠ. ಮೇಲೆ ಎರೆಮಣ್ಣು, ಅದರ ಕೆಳಗೆ ಗರಸು, ಆಮೇಲೆ ಕರಿಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿ ಬಿರಿದು ಹರಿದ ಲಾವಾರಸ ಆರಿ ಈ ಕಲ್ಲಾಯಿತು. ಗೋಲಗುಮ್ಮಟ ಎದ್ದು ನಿಂತದ್ದೂ ಇದೇ ಕಲ್ಲಿನಿಂದ.

ಅದರ ನಂತರ ಬಂದ ಇಯೋಸೀನ್ ಯುಗ, ಎಂದರೆ 5.6 ಕೋಟಿಯಿಂದ 3.4 ಕೋಟಿ ವರ್ಷಗಳ ಹಿಂದಿನ ಕಾಲ, ಸಸ್ತನಿಗಳ ಚರಿತ್ರೆಯಲ್ಲಿ ಬಹು ಮುಖ್ಯವಾದುದು. ಆ ಕಾಲದ ಎಲುಬುಗಳನ್ನು ನಾವು ನಮ್ಮ ಕರಿಕಲ್ಲಿನಲ್ಲಿ ಹುಡುಕಿ ಫಲವಿಲ್ಲ. ಕಚ್ಛಕ್ಕೋ ಜಮ್ಮುವಿಗೋ ಹೋಗಬೇಕು. ಕಚ್ಛದಲ್ಲಿ ಸಿಕ್ಕ ಪ್ರಾಚೀನ ತಿಮಿಂಗಿಲಗಳನ್ನು ಅಶೋಕ್ ಸಾಹ್ನಿ ಮತ್ತು ವಿ.ಪಿ. ಮಿಶ್ರಾ 1970ರ ದಶಕದಲ್ಲಿ ಲೋಕಕ್ಕೆ ಪರಿಚಯಿಸಿದರು. ಆದರೆ ಒಂದು ಪ್ರಶ್ನೆ ಹಾಗೆಯೇ ಉಳಿಯಿತು: ಮರಿಗೆ ಹಾಲೂಡಿಸುವ ಈ ಪ್ರಾಣಿ ನೆಲದಿಂದ ನೀರಿಗಿಳಿಯುವ ಮೊದಲು ಯಾರ ಬಳಗದ್ದಾಗಿತ್ತು?

ಉತ್ತರ ಅಷ್ಟರಲ್ಲಾಗಲೇ ಒಬ್ಬರ ಸಂಗ್ರಹದಲ್ಲಿತ್ತು. ಭೂವಿಜ್ಞಾನಿ ಎ. ರಂಗರಾವ್ ರಾಜೌರಿ ಜಿಲ್ಲೆಯ ಕಾಲಾಕೋಟ್ ಬಳಿ ಪಳೆಯುಳಿಕೆಗಳಿದ್ದ ಕಲ್ಲುಗಳನ್ನು ಕೂಡಿಸಿದ್ದರು. ಅವುಗಳಲ್ಲಿ ಕಂಡ ದವಡೆ, ಹಲ್ಲುಗಳ ಆಧಾರದ ಮೇಲೆ 1971ರಲ್ಲಿ ಒಂದು ಸಣ್ಣ ಗೊರಸಿನ ಪ್ರಾಣಿಗೆ ಇಂಡೋಹಯಸ್ ಎಂದು ಹೆಸರಿಟ್ಟರು. ಉಳಿದ ಅನೇಕ ಕಲ್ಲುಗಳನ್ನು ಒಡೆದು ನೋಡುವ ಮೊದಲೇ ಅವರು ತೀರಿಕೊಂಡರು. ಅವರ ಪತ್ನಿ, ಜರ್ಮನಿಯ ಫ್ರೀಡ್ಲಿಂಡೆ ಒಬರ್ಗ್‌ಫೆಲ್, ಆ ಕಲ್ಲುಗಳನ್ನು ವರ್ಷಗಟ್ಟಲೆ ಕಾಪಾಡಿ, ಕೊನೆಗೆ ಹಾನ್ಸ್ ಥೆವಿಸನ್ ಎಂಬ ಸಂಶೋಧಕರ ಕೈಗೆ ಕೊಟ್ಟರು.

ಪ್ರಯೋಗಾಲಯದಲ್ಲಿ ತಲೆಬುರುಡೆಯೊಂದನ್ನು ಶುಚಿಗೊಳಿಸುವಾಗ ಕಿವಿಯ ಭಾಗದ ಎಲುಬು ಆಕಸ್ಮಿಕವಾಗಿ ಮುರಿಯಿತು. ಅದರ ಒಳಗೋಡೆ ವಿಶೇಷವಾಗಿ ದಪ್ಪಗಿತ್ತು. ಅಂಥ ಕಿವಿ ಅದುವರೆಗೆ ಕಂಡಿದ್ದು ತಿಮಿಂಗಿಲಗಳ ವಂಶದಲ್ಲಿ ಮಾತ್ರ. ಕಾಲಿನ ಎಲುಬುಗಳೂ ನೀರಾನೆಯದರಂತೆ ಭಾರವಾಗಿದ್ದವು. ಹಲ್ಲಿನ ರಾಸಾಯನಿಕ ಪರೀಕ್ಷೆಯೂ ನೀರಿನ ಬದುಕನ್ನೇ ಸೂಚಿಸಿತು. ಸುಮಾರು 4.8 ಕೋಟಿ ವರ್ಷಗಳ ಹಿಂದಿನ, ಬೆಕ್ಕಿನಷ್ಟು ಗಾತ್ರದ ಆ ಪ್ರಾಣಿ ತಿಮಿಂಗಿಲದ ಹತ್ತಿರದ ಬಂಧುವೆಂದು ಥೆವಿಸನ್, ಸುನಿಲ್ ಬಾಜಪೇಯಿ ಮತ್ತು ಸಂಗಡಿಗರು 2007ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಇಲ್ಲಿ ಜಾಣತನದಷ್ಟೇ ದೊಡ್ಡದು ಕಾಯ್ದಿಟ್ಟ ತಾಳ್ಮೆ. ಕಲ್ಲು ಯಾವ ಊರಿನದೆಂಬ ನೆನಪೂ ಅಷ್ಟೇ ಮುಖ್ಯ. ಊರು ಮರೆತ ಹಲ್ಲು ಬರೀ ಕಲ್ಲು. ಸಾಕ್ಷಿಯಾಗಿ ಅದರ ಬೆಲೆ ಬಹುಪಾಲು ಹೋದಂತೆಯೇ.

ವಿಜಯಪುರದವರಾದ ನಮಗೆ ಈ ಮಾತು ಹೊಸದಲ್ಲ. ಗುಮ್ಮಟದ ಮುಂದಿನ ನಗಾರಖಾನೆಯ ವಸ್ತುಸಂಗ್ರಹಾಲಯದಲ್ಲಿ ಅರಬ್ಬಿ, ಫಾರಸಿ, ಕನ್ನಡ, ಸಂಸ್ಕೃತ ಶಾಸನಗಳು ಒಂದೇ ಸೂರಿನಡಿ ಇವೆ. ಅಸಾರ್ ಮಹಲಿನಲ್ಲಿ ಉಳಿದಿದ್ದ ಆದಿಲಶಾಹಿ ಹಸ್ತಪ್ರತಿಗಳು ಮಾತ್ರ 1853ರಲ್ಲಿ ಲಂಡನ್ನಿಗೆ ಹೋದವು. ನಮ್ಮಿಂದ ದೂರವಾದವು ಎಂಬುದು ನಿಜ. ಅಲ್ಲಿ ಪಟ್ಟಿಯಾಗಿ ಉಳಿದವು ಎಂಬುದೂ ನಿಜ.

ನಮ್ಮ ಹಳ್ಳಿಗಳ ಹಳೆಯ ಮನೆಗಳಲ್ಲಿ ಇಂದಿಗೂ ಟ್ರಂಕಿನ ತಳದಲ್ಲಿ ಫಾರಸಿ ಸನದುಗಳು, ಮೋಡಿ ಲಿಪಿಯ ಕಾಗದಗಳು ಇರುತ್ತವೆ. ಮೊಮ್ಮಕ್ಕಳಿಗೆ ಓದಲು ಬಾರದು. ಆದ್ದರಿಂದ ಅವು ರದ್ದಿಯ ಪಾಲಾಗುತ್ತವೆ. ಒಬರ್ಗ್‌ಫೆಲ್ ಅವರಿಗೂ ತಾವು ಕಾಯುತ್ತಿದ್ದ ಕಲ್ಲಿನೊಳಗೆ ತಿಮಿಂಗಿಲದ ಕಿವಿ ಇದೆಯೆಂದು ತಿಳಿದಿರಲಿಲ್ಲ. ಕಾಗದದ ಮೇಲೆ ಊರಿನ ಹೆಸರು, ಮನೆತನದ ಹೆಸರು ಬರೆದ ಚೀಟಿಯೊಂದನ್ನು ಕಟ್ಟಿಟ್ಟರೆ ಸಾಕು. ಓದುವವರು ನಾಳೆ ಬಂದಾರು.